ಗ್ಯಾಸ್ ಟ್ಯಾಂಕರ್ ದಾರಿ ಫೋನಿನ ಮ್ಯಾಪ್ ಹೇಳೋದಲ್ಲ, ಊರು ಹೇಳ್ಬೇಕು

ಸಂಪಾದಕರಿಗೆ ನಮಸ್ಕಾರ್ರಿ,

ಹೋದ ಮಳೆಗಾಲದಾಗ ಒಂದಿನ ಸಂಜಿಮುಂದ ಮಗಳನ್ನ ಟ್ಯೂಷನ್‌ದಿಂದ ಕರ್ಕೊಂಡು ಸ್ಕೂಟರ್ ಮ್ಯಾಲೆ ಬರಾಕತ್ತಿದ್ದೆ. ಮೇನ್ ರೋಡ್ ಬಂದ್ ಮಾಡಿ ಡೈವರ್ಷನ್ ಕೊಟ್ಟಿದ್ರು, ಹಂಗಾಗಿ ಎಲ್ಲಾ ಗಾಡಿನೂ ಹಳೇ ಹುಬ್ಬಳ್ಳಿ ಸಣ್ಣ ರೋಡಿಗೆ ನುಗ್ಗಿ ಜಾಮ್ ಆಗಿ ನಿಂತಿದ್ವು. ನನ್ನ ಮುಂದ ಒಂದು ಗ್ಯಾಸ್ ಟ್ಯಾಂಕರ್, ಆ ಉದ್ದನ್ನ ಕ್ಯಾಪ್ಸೂಲ್ ಇರ್ತಾವಲ್ಲ, ಅದು. ಅದರ ಎಡಕ್ಕ ಸಾಲಿ ಹುಡುಗ್ರು ತುಂಬಿದ ಆಟೋ, ಬಲಕ್ಕ ನಾಕು ಹೆಜ್ಜಿ ದೂರದಾಗ ಗಿರ್ಮಿಟ್ ಮಿರ್ಚಿ ಮಾರೋ ಗಾಡಿ, ಒಲಿ ಧಗಧಗ ಉರಿಯಾಕತ್ತಿತ್ತು. ಡ್ರೈವರ್ ಕಿಡಕಿಯಿಂದ ತಲಿ ಹೊರಗ ಹಾಕಿ ಹಿಂದಿಯೊಳಗ ಗಬ್ಬೂರ ಬೈಪಾಸ್ ಎಲ್ಲಿ ಅಂತ ಕೇಳಿದ, ಫೋನ್‌ನಾಗಿನ ಮ್ಯಾಪ್ ಅವನನ್ನ ಇಲ್ಲಿ ತಂದು ನಿಲ್ಲಿಸಿತ್ತು. ಹಿಂದಕ್ಕ ತೊಗೊಳ್ಳಾಕ ಜಾಗ ಇಲ್ಲ, ಮುಂದ ಹೋಗಾಕ ದಾರಿ ಇಲ್ಲ. ಇಪ್ಪತ್ತು ನಿಮಿಷ ಹಂಗ ನಿಂತ್ವಿ, ನನ್ನ ಕೈ ನಡುಗಾಕತ್ತಿದ್ವು.

ಆ ಡ್ರೈವರನ್ನ ನಾ ಬೈಯೋದಿಲ್ರಿ. ನಮ್ಮ ಮಾವನ ಮಗ ಮಂಗಳೂರಿಂದ ಭಾಳ ವರ್ಷ ಟ್ಯಾಂಕರ್ ಹೊಡದಾನ, ಅಂಕೋಲಾ ದಾಟಿ ಅರಬೈಲ್ ಘಾಟ್ ಹತ್ತಿ ಯಲ್ಲಾಪುರ ಕಲಘಟಗಿ ಮ್ಯಾಲೆ ಹುಬ್ಬಳ್ಳಿಗೆ ಬರೋದ್ರಾಗ ಮೈ ಹಣ್ಣಾಗಿರ್ತೈತಿ ಅಂತ ಅವನ ಹೇಳ್ತಾನ. ಅಂಥಾವ ಊರ ಬಾಗಿಲಿಗೆ ಬಂದಾಗ ಎಡಕ್ಕ ಹೋಗ್ಬೇಕೋ ಬಲಕ್ಕೋ ಅಂತ ಹೇಳೋ ಒಂದು ಬೋರ್ಡ್ ಇಲ್ಲಂದ್ರ ಅವ ಏನ್ ಮಾಡ್ಬೇಕು.

ಟ್ಯಾಂಕರ್ ಹಿಂದ ಒಂದು ಪ್ಯಾನೆಲ್ ಇರ್ತೈತಿ, ಅದರ ಮ್ಯಾಲೆ ನಾಕು ಅಂಕಿ ನಂಬರ್, ಅದನ್ನ ನೋಡಿ ಒಳಗ ಏನೈತಿ ಅಂತ ತಿಳೀಬಹುದು ಅಂತ ಹೇಳಿಕೊಟ್ಟಾವನೂ ಅವನ. 1075 ಅಂದ್ರ ಎಲ್‌ಪಿಜಿ, 1203 ಪೆಟ್ರೋಲ್, 1005 ಅಮೋನಿಯ, 1017 ಕ್ಲೋರಿನ್. 1989ರ ಕೇಂದ್ರ ಮೋಟಾರು ವಾಹನ ನಿಯಮದ ಪ್ರಕಾರ ಈ ಪ್ಯಾನೆಲ್ ಇರಲೇಬೇಕು, ಫೋನ್ ನಂಬರ್ ಸಮೇತ, ಡ್ರೈವರ್ ಹತ್ರ ಸರಕಿನ ಬಗ್ಗೆ ಬರದ ಕಾರ್ಡ್ ಇರಬೇಕು, ಅವನಿಗೆ ಬ್ಯಾರೆ ಟ್ರೇನಿಂಗೂ ಆಗಿರಬೇಕು. ಆವತ್ತು ನಾ ನೋಡಿದ ಪ್ಯಾನೆಲ್ ಮ್ಯಾಲೆ ಕೆಸರು ಮೆತ್ತಿತ್ತು, 10 ಅಷ್ಟ ಕಾಣಾಕತ್ತಿತ್ತು.

ಎಲ್‌ಪಿಜಿ ಗಾಳಿಗಿಂತ ಭಾರ ರೀ. ಸೋರಿದ್ರ ಮ್ಯಾಲೆ ಹಾರಿ ಹೋಗೋದಿಲ್ಲ, ನೆಲಾ ಹಿಡ್ಕೊಂಡು ತಗ್ಗಿಗೆ ಹರೀತೈತಿ, ಗಟಾರಕ್ಕ ಇಳೀತೈತಿ. ನಮ್ಮ ಊರಾಗ ಉಣಕಲ್ ಕೆರಿಯಿಂದ ಬರೋ ನಾಲಾ ಮನಿಗಳ ಹಿಂದಿಂದನ ಹಾದು ಹೋಗೇತಿ, ಒಂದು ಕಡೆ ಸೋರಿದ್ದು ಇನ್ನೊಂದು ಕಡೆ ಯಾರದೋ ಒಲಿಗೆ ಸಿಗಬಹುದು. 2013ರಾಗ ಉಪ್ಪಿನಂಗಡಿ ಹತ್ರ ಪೆರ್ನೆಯೊಳಗ ಗ್ಯಾಸ್ ಟ್ಯಾಂಕರ್ ಉರುಳಿ ರೋಡ್ ಬಾಜೂಕ ಮನಿಯಾಗಿದ್ದ ಜನ ಸುಟ್ಟು ಸತ್ರು. 2024ರ ಡಿಸೆಂಬರ್ 20ಕ್ಕ ಜೈಪುರದಾಗ ಯೂ ಟರ್ನ್ ತೊಗೊಳ್ಳೋ ಟ್ಯಾಂಕರ್‌ಗೆ ಲಾರಿ ಬಡೀತು, ಗ್ಯಾಸ್ ಹಬ್ಬಿ ಹಿಂದ ಮುಂದಿದ್ದ ಬಸ್ಸು ಕಾರು ಎಲ್ಲಾ ಹೊತ್ತಿ ಉರದ್ವು. ಅದು ಅಗಲವಾದ ಹೈವೇ, ನಮ್ಮದು ಹಳೇ ಹುಬ್ಬಳ್ಳಿ ಓಣಿ.

ಹಂಗಂತ ಎಲ್ಲಾನೂ ಬೈಪಾಸ್‌ಗೆ ಹಾಕಿ ಕೈ ತೊಳ್ಕೊಳ್ರಿ ಅಂತ ನಾ ಹೇಳಾಕತ್ತಿಲ್ಲ. ಗಬ್ಬೂರಿಂದ ನರೇಂದ್ರದ ತನಕ ಆ ಬೈಪಾಸ್ ಎರಡೇ ಲೇನ್ ಇದ್ದಾಗ ಎಷ್ಟು ಜನ ಸತ್ರು ಅಂತ ನಮಗ ಗೊತ್ತೈತಿ, 2021ರ ಜನವರಿಯೊಳಗ ಇಟಿಗಟ್ಟಿ ಹತ್ರ ದಾವಣಗೆರೆ ಹೆಣ್ಮಕ್ಕಳ ಟೆಂಪೊ ಟ್ರಾವೆಲರ್‌ಗೆ ಟಿಪ್ಪರ್ ಬಡದಿದ್ದು ಯಾರ್ ಮರತಾರ. ಬೈಪಾಸ್ ಬಾಜೂಕ ಇರೋ ಹಳ್ಳಿ ಜನರ ಜೀವಾನೂ ಜೀವಾನ. ಅದಕ್ಕ ಟ್ಯಾಂಕರ್ ದಾರಿ ಅಂತ ಗುರ್ತು ಮಾಡಿದ ಮ್ಯಾಲೆ ಆ ರೋಡಿನ ಕ್ರಾಸ್‌ಗಳನ್ನ ಸರಿ ಮಾಡ್ಬೇಕು, ಫೈರ್ ಇಂಜಿನ್ ಎಷ್ಟು ನಿಮಿಷಕ್ಕ ಬರ್ತೈತಿ ಅಂತ ಓಡಿಸಿ ನೋಡ್ಬೇಕು, ಟ್ಯಾಂಕರ್ ನಿಲ್ಲಿಸಿ ಡ್ರೈವರ್ ನಿದ್ದಿ ಮಾಡಾಕ ಮನಿಗಳಿಂದ ದೂರ ಒಂದು ಜಾಗ ಕೊಡ್ಬೇಕು. ಈಗ ಧಾಬಾ ಮುಂದ ಸಾಲಾಗಿ ನಿಲ್ಲಿಸ್ತಾರ, ಬಾಜೂಕ ತಂದೂರಿ ಭಟ್ಟಿ.

ರಾತ್ರಿ ಮಾತ್ರ ಬಿಡ್ರಿ ಅಂತ ಭಾಳ ಮಂದಿ ಹೇಳ್ತಾರ, ನಂಗ ಅದು ಪೂರ್ತಿ ಒಪ್ಪಿಗಿ ಇಲ್ಲ. ರಾತ್ರಿ ಟ್ರಾಫಿಕ್ ಕಮ್ಮಿ ಖರೆ, ಆದ್ರ ಎಲ್ಲಾರೂ ಮನಿಯಾಗ ಮಲಗಿರ್ತಾರ, ಎಬ್ಬಿಸಿ ಹೊರಗ ಕರ್ಕೊಂಡು ಹೋಗೋದು ಕಷ್ಟ, ಗಾಳಿ ಆಡಲಿಲ್ಲಂದ್ರ ಸೋರಿದ ಗ್ಯಾಸ್ ಅಲ್ಲೇ ಕುಂದರ್ತೈತಿ, ಡ್ರೈವರ್‌ಗೂ ನಿದ್ದಿ ಬರ್ತಿರ್ತೈತಿ. ಸಾಲಿ ಬಿಡೋ ಹೊತ್ತು, ಆಫೀಸ್ ಹೊತ್ತು ಬಿಟ್ಟು ಮಧ್ಯಾಹ್ನದ ಟೈಮ್ ಕೊಟ್ರ ಚಲೋ ಅಂತ ನನ್ನ ಅನಿಸಿಕೆ.

ಇದಕ್ಕ ಹೊಸ ಕಾನೂನು ಬ್ಯಾಡ. ಮೋಟಾರು ವಾಹನ ಕಾಯ್ದೆ ಸೆಕ್ಷನ್ 115ರಾಗ ಸಾರ್ವಜನಿಕ ಸುರಕ್ಷತೆಗಾಗಿ ಯಾವ ರೋಡಿನಾಗ ಯಾವ ಗಾಡಿ ಬ್ಯಾಡ ಅಂತ ಹೇಳೋ ಅಧಿಕಾರ ಈಗಾಗಲೇ ಐತಿ. ಪೊಲೀಸ್, ಆರ್‌ಟಿಒ, ಅಗ್ನಿಶಾಮಕದವರು, ಪಾಲಿಕೆಯವರು ಒಮ್ಮೆ ಒಟ್ಟಿಗೆ ಒಂದು ಜೀಪಿನ್ಯಾಗ ಕುಂತು ಕಾರವಾರ ರೋಡ್, ಗದಗ ರೋಡ್, ಪಿಬಿ ರೋಡ್ ಎಲ್ಲಾ ಅಡ್ಡಾಡಿ ನೋಡಲಿ, ಬಾಜೂಕ ಎಷ್ಟು ಸಾಲಿ, ಎಷ್ಟು ದವಾಖಾನಿ, ಎಲ್ಲಿ ನಾಲಾ ಅಂತ ಬರ್ಕೊಳ್ಳಲಿ. ಬೋರ್ಡ್ ಊರ ಒಳಗ ಹಾಕಿದ್ರ ಉಪಯೋಗ ಇಲ್ಲ, ಟ್ಯಾಂಕರ್ ತಿರುಗಿಸಾಕ ಆಗೋದಿಲ್ಲ, ಊರಿಗೆ ಬರೋಕ್ಕಿಂತ ಮೊದಲ ದಾರಿ ಒಡಿಯೋ ಜಾಗದಾಗ ಕನ್ನಡ, ಹಿಂದಿ, ತಮಿಳು ಮೂರರಾಗೂ ಹಾಕ್ರಿ. ರೋಡ್ ಕೆಲಸಕ್ಕ ಡೈವರ್ಷನ್ ಕೊಡೋವಾಗ ಟ್ಯಾಂಕರ್‌ಗೆ ಬ್ಯಾರೆ ದಾರಿ ಯಾವ್ದು ಅಂತ ಅದೇ ಆದೇಶದಾಗ ಬರೀರಿ.

ದಾರಿ ಗುರ್ತಾದ ದಿನ ಆ ನಕಾಶೆನ ನಿಮ್ಮ ಪೇಪರಿನ್ಯಾಗ ದೊಡ್ಡದಾಗಿ ಹಾಕ್ರಿ ಸರ್, ಕತ್ತರಿಸಿ ಗಬ್ಬೂರ ಕಡೆ ಧಾಬಾಗಳ ಗ್ವಾಡಿಗೆ ಹಚ್ಚೋ ಕೆಲಸ ನಾ ಮಾಡ್ತೀನಿ.

ಇಂತಿ,
ಒಬ್ಬ ಓದುಗ
ಹಳೇ ಹುಬ್ಬಳ್ಳಿ