ಗೆರೆ ಎಳೆದುಕೊಟ್ಟ ಅಣ್ಣನಿಗೆ

ನಮ್ಮ ಕಾಲೇಜು ಫುಟ್‌ಬಾಲ್ ತಂಡದ ಈ ಸೀಸನ್ನಿನ ಪ್ರತಿ ಪಂದ್ಯಕ್ಕೂ ಬೆಳಕು ಹರಿಯುವ ಮುಂಚೆಯೇ ಮೈದಾನ ಸಿದ್ಧಮಾಡಿ, ಹೆಸರು ಮಾತ್ರ ಬೇಡವೆಂದ ಅಣ್ಣನಿಗೆ ಇಡೀ ತಂಡದ ಕೃತಜ್ಞತೆ.

ಅಣ್ಣಾ, ಹೆಚ್ಚಿನವರು ಎಡವುವುದು ಗೋಲಿನ ಮುಂದಿನ ದೊಡ್ಡ ಆಯತದಲ್ಲಿ, ಅಂದರೆ ಪೆನಾಲ್ಟಿ ಬಾಕ್ಸಿನಲ್ಲೇ. ಗೋಲಿನ ನಡುವಿನಿಂದ ಆಚೀಚೆ 16.5 ಮೀಟರ್ ಅಳೆದರೆ ಅಗಲ 33ಕ್ಕೇ ನಿಂತುಬಿಡುತ್ತದೆ. ನೀವು ಎರಡೂ ಕಂಬಗಳ ಒಳಅಂಚಿನಿಂದ ಅಳೆದಿರಿ, ನಡುವಿನ 7.32 ಸೇರಿ ಸರಿಯಾಗಿ 40.32 ಮೀಟರ್ ಆಯಿತು. ಮೂಲೆ ಓರೆಯಾಗದಂತೆ ಒಂದು ಗೆರೆಯಲ್ಲಿ 6, ಇನ್ನೊಂದರಲ್ಲಿ 8 ಮೀಟರಿಗೆ ಗೂಟ ನೆಟ್ಟು, ಅವೆರಡರ ನಡುವೆ 10 ಬರುವವರೆಗೂ ಸರಿಸಿದಿರಿ. ಅದೂ ಟೇಪಿನಲ್ಲಿ, ನೈಲಾನ್ ಹಗ್ಗ ಎಳೆದಷ್ಟೂ ಹಿಗ್ಗುತ್ತದೆ. ಬಾಕ್ಸಿನ ಮುಂದಿನ ಕಮಾನಿಗೆ ಕೇಂದ್ರ ಗೋಲಿನಿಂದ 11 ಮೀಟರ್ ದೂರದ ಪೆನಾಲ್ಟಿ ಗುರುತು, ತ್ರಿಜ್ಯ 9.15. ಬಾಕ್ಸಿನ ಗೆರೆಯಲ್ಲೇ ಗೂಟ ಹೊಡೆದು ಅರ್ಧವೃತ್ತ ಬರೆದುಬಿಡುವವರೇ ಜಾಸ್ತಿ.

ಸುಣ್ಣದ ಬದಲು ಚಾಕ್ ಪುಡಿಯನ್ನೇ ಹಾಕಿದ್ದಕ್ಕೆ ಗೋಲ್‌ಕೀಪರ್‌ಗಳ ವಿಶೇಷ ವಂದನೆ. ಒದ್ದೆ ನೆಲದ ಸುಣ್ಣ ತರಚಿದ ಮೊಣಕೈಯನ್ನೂ ಕಣ್ಣನ್ನೂ ಸುಡುತ್ತದೆ.

ಚೆಂಡುಗಳಂತೂ ಸೀಸನ್ ಪೂರ್ತಿ ಬಾಳಿದವು. ಗಾಳಿ ತುಂಬುವ ಪಂಪಿನ ಒಣ ಸೂಜಿ ಚುಚ್ಚಿದರೆ ವಾಲ್ವ್ ಹರಿಯುತ್ತದೆಂದು ಪ್ರತಿ ಸಲ ಸೂಜಿ ಒದ್ದೆಮಾಡಿದಿರಿ; ಬಿಸಿಲಿಗೆ ಗಾಳಿ ಹಿಗ್ಗುತ್ತದೆಂದು ಚೆಂಡುಗಳನ್ನು ನೆರಳಲ್ಲಿಟ್ಟಿರಿ. ನಿಮ್ಮ ಅಳತೆಯ ಚೀಟಿಯನ್ನು ಕಿಟ್ ರೂಮಿನ ಬಾಗಿಲಿಗೆ ಅಂಟಿಸಿದ್ದೇವೆ, ಅಣ್ಣಾ. ಮುಂದಿನ ವರ್ಷದ ಹುಡುಗರು ಅದನ್ನೇ ನೋಡಿ ಗೆರೆ ಎಳೆಯಲಿದ್ದಾರೆ.