ಸ್ಪ್ಯಾಮ್ ಫೋಲ್ಡರನ್ನು ಸ್ಕೋರ್ ಪ್ರಕಾರ ಜೋಡಿಸಲು ಆಗದಿರುವ ಬಗ್ಗೆ ದೂರು

ಇವರಿಗೆ,
ಗ್ರಾಹಕ ಸೇವಾ ವಿಭಾಗದ ಮುಖ್ಯಸ್ಥರು

ಮಾನ್ಯರೇ,

ನಮ್ಮದು ದಾವಣಗೆರೆಯಲ್ಲಿ ಒಂದು ಸಣ್ಣ ಪ್ರಿಂಟಿಂಗ್ ಪ್ರೆಸ್. ಲಗ್ನಪತ್ರಿಕೆ, ಬಿಲ್ ಬುಕ್, ಕರಪತ್ರ ಅಚ್ಚು ಹಾಕುತ್ತೇವೆ. ನಾಲ್ಕು ವರ್ಷದಿಂದ ಪ್ರೆಸ್ಸಿನ ಇಮೇಲ್ ನಿಮ್ಮ ಸರ್ವರಿನಲ್ಲೇ ಇದೆ.

ಹೋದ ತಿಂಗಳು ಹರಿಹರದ ಗಿರಾಕಿಯೊಬ್ಬರಿಗೆ ಲಗ್ನಪತ್ರಿಕೆಯ ಪ್ರೂಫ್ ಕಳಿಸಿದ್ದೆವು. ಮುಹೂರ್ತ 10.45 ಎಂದಿತ್ತು. ಅವರು ಅದನ್ನು ಕೆಂಪು ಪೆನ್ನಿನಲ್ಲಿ 11.20 ಎಂದು ತಿದ್ದಿ, ಫೋಟೊ ತೆಗೆದು, ಬೇರೊಂದಕ್ಷರ ಬರೆಯದೆ ಮೇಲ್ ಮಾಡಿದರು. ಸಬ್ಜೆಕ್ಟಿನಲ್ಲಿ ಮಾತ್ರ ಇಂಗ್ಲಿಷಿನ ದೊಡ್ಡಕ್ಷರಗಳಲ್ಲಿ 'ಅರ್ಜೆಂಟ್ ಕರೆಕ್ಷನ್'. ಆ ಮೇಲ್ ನಮ್ಮ ಇನ್‌ಬಾಕ್ಸಿಗೆ ಬರಲೇ ಇಲ್ಲ. ಎರಡು ದಿನ ಉತ್ತರ ಬಾರದಿದ್ದರೆ ಒಪ್ಪಿಗೆ ಎಂದೇ ನಮ್ಮಲ್ಲಿ ರೂಢಿ. (ಅದು ನಮ್ಮ ತಪ್ಪು, ಈಗ ಫೋನ್ ಮಾಡಿ ಕೇಳುತ್ತೇವೆ.) 800 ಪತ್ರಿಕೆ ಅಚ್ಚಾದವು. ಹುಡುಗಿಯ ತಂದೆ ಬಂಡಲ್ ಬಿಚ್ಚಿ ನೋಡಿದವರು ಮಾತಾಡದೆ ಸ್ಟೂಲಿನ ಮೇಲೆ ಕೂತುಬಿಟ್ಟರು. ಮತ್ತೆ 800 ನಮ್ಮ ಖರ್ಚಿನಲ್ಲೇ ಹಾಕಿಕೊಟ್ಟೆವು.

ಆಮೇಲೆ ಹುಡುಕಿದರೆ ಮೇಲ್ ಸ್ಪ್ಯಾಮ್ ಫೋಲ್ಡರಿನಲ್ಲಿ ಬಿದ್ದಿತ್ತು. ಹೆಡರ್, ಅಂದರೆ ಮೇಲ್ ಜೊತೆ ಮರೆಯಲ್ಲಿ ಬರುವ ತಾಂತ್ರಿಕ ವಿವರ, ತೆರೆದೆ. ಸ್ಕೋರ್ 5.3, ಮಿತಿ 5.0. ನೀವು ಬಳಸುತ್ತಿರುವುದು ಸ್ಪ್ಯಾಮ್‌ಅಸ್ಯಾಸಿನ್ ಎಂಬ ಫಿಲ್ಟರ್ ಎಂದೂ ಅಲ್ಲೇ ಇದೆ. ಅದು ಮೇಲನ್ನು ನೂರಾರು ನಿಯಮಗಳಿಗೆ ಒಡ್ಡಿ, ತಾಳೆಯಾದವುಗಳ ಅಂಕ ಕೂಡಿ, ಮೊತ್ತ ಮಿತಿ ಮುಟ್ಟಿದರೆ ಸ್ಪ್ಯಾಮ್ ಎನ್ನುತ್ತದೆ. ಚಿತ್ರವೇ ಹೆಚ್ಚಾಗಿ ಅಕ್ಷರ ಕಡಿಮೆಯಿದ್ದರೆ ಒಂದಿಷ್ಟು ಅಂಕ, ಸಬ್ಜೆಕ್ಟ್ ಪೂರ್ತಿ ದೊಡ್ಡಕ್ಷರವಾದರೆ ಇನ್ನೊಂದಿಷ್ಟು. ಫಿಲ್ಟರ್ ಮೇಲೆ ನನ್ನ ತಕರಾರಿಲ್ಲ. ಅದು ತನಗೆಷ್ಟು ಅನುಮಾನ ಎಂದು ಪ್ರಾಮಾಣಿಕವಾಗಿ ಬರೆದಿಟ್ಟಿದೆ. ಅದನ್ನು ನಮ್ಮ ಕಣ್ಣಿಗೆ ಬೀಳದಂತೆ ಮಾಡಿರುವುದು ನಿಮ್ಮ ವೆಬ್‌ಮೇಲ್. ಅಲ್ಲಿ ದಿನಾಂಕ, ಕಳಿಸಿದವರು, ಸಬ್ಜೆಕ್ಟ್, ಸೈಜ್ ಪ್ರಕಾರ ಜೋಡಿಸಬಹುದು, ಸ್ಕೋರ್ ಪ್ರಕಾರ ಆಗುವುದಿಲ್ಲ. ಕಸದ ಬುಟ್ಟಿಯಲ್ಲಿ ಸೈಜ್ ಯಾರಿಗೆ ಬೇಕು?

ಆ ಒಂದು ದಿನದ 212 ಮೇಲ್‌ಗಳ ಹೆಡರನ್ನು ನಾನೂ ಮಗನೂ ಸಂಜೆಯೆಲ್ಲ ಕೂತು ಒಂದೊಂದೇ ತೆರೆದೆವು. ಲಾಟರಿ, ಸಾಲ, ಗುಳಿಗೆಯಂಥವೆಲ್ಲ 15, 20, 30 ದಾಟಿದ್ದವು. 5ರಿಂದ 7ರೊಳಗೆ ಇದ್ದದ್ದು ಒಂಬತ್ತೇ. ಕಡಿಮೆ ಸ್ಕೋರಿನವು ಮೇಲೆ ಬಂದಿದ್ದರೆ ಆ ಒಂಬತ್ತನ್ನು ಬೆಳಗಿನ ಕಾಫಿ ಆರುವುದರೊಳಗೆ ನೋಡಿ ಮುಗಿಸುತ್ತಿದ್ದೆ.

ದೂರು ಕೊಟ್ಟಾಗ ನಿಮ್ಮವರ ಮೊದಲ ಸಲಹೆ ಮಿತಿಯನ್ನು 8ಕ್ಕೆ ಏರಿಸಿ ಎಂಬುದು. ಏರಿಸಿದರೆ 7.9ರ ಕಸವೆಲ್ಲ ಇನ್‌ಬಾಕ್ಸಿಗೆ ಬರುತ್ತದೆ, 8.1ರ ಗಿರಾಕಿ ಮತ್ತೆ ಸ್ಪ್ಯಾಮಿನೊಳಗೇ ಉಳಿಯುತ್ತಾರೆ. ಎರಡನೇ ಸಲ, ಸಬ್ಜೆಕ್ಟಿನ ಮುಂದೆ ಸ್ಕೋರ್ ಬರುವಂತೆ ಮಾಡಿಕೊಟ್ಟಿರಿ. ಸಬ್ಜೆಕ್ಟ್ ಪ್ರಕಾರ ಜೋಡಿಸಿದೆ. ಬಂದ ಸಾಲು ಹೀಗಿತ್ತು: 10.2, 14.8, 22.6, 31.0, 5.3, 6.1, 9.7. ಅಂಕಿಯನ್ನು ಅಕ್ಷರದಂತೆ ಓದಿದರೆ 1ರಿಂದ ಶುರುವಾಗುವ 10 ಮೊದಲು, 5 ಆಮೇಲೆ. ಸ್ಪ್ಯಾಮ್‌ಅಸ್ಯಾಸಿನ್‌ನಲ್ಲೇ ಇದಕ್ಕೆ ಮದ್ದಿದೆ: ಸೆಟ್ಟಿಂಗಿನಲ್ಲಿ ಅಂಕ ಬರಬೇಕಾದ ಜಾಗಕ್ಕೆ ಹಾಕುವ ಸ್ಕೋರ್ ಎಂಬ ಗುರುತಿನ ಪಕ್ಕ ಆವರಣದಲ್ಲಿ ಒಂದು ಸೊನ್ನೆ ಕೊಟ್ಟರೆ 5.3 ಎಂಬುದು 05.3 ಆಗಿ, ಸಾಲು ಸರಿಹೋಗುತ್ತದೆ. ಪ್ರೆಸ್ಸಿನವನು ಇದನ್ನು ನಿಮಗೆ ಹೇಳಬೇಕಾಯಿತು ನೋಡಿ. ಹೇಳಿ ಹನ್ನೊಂದು ದಿನವಾಯಿತು, ಸೊನ್ನೆ ಇನ್ನೂ ಬಂದಿಲ್ಲ. ಇದರ ನಡುವೆ ಒಬ್ಬ ಗಿರಾಕಿಗೆ ಉತ್ತರ ಬರೆದಾಗ ಸಬ್ಜೆಕ್ಟಿನಲ್ಲಿ 'ಸ್ಪ್ಯಾಮ್ 6.1' ಹಾಗೇ ಹೋಗಿ, 'ಏನ್ ಸ್ವಾಮಿ, ನಾವು ನಿಮಗೆ ಸ್ಪ್ಯಾಮಾ?' ಎಂದು ಫೋನ್ ಬಂತು.

ಆದ್ದರಿಂದ ಸೊನ್ನೆಯನ್ನು ಈ ವಾರವೇ ಹಾಕಿಸಿ. ಆಮೇಲೆ ವೆಬ್‌ಮೇಲಿನಲ್ಲಿ ಸ್ಕೋರಿಗೇ ಒಂದು ಕಾಲಂ ಕೊಟ್ಟು, ಅದನ್ನು ಅಂಕಿಯಾಗಿ ಜೋಡಿಸುವಂತೆ ಮಾಡಿ, ಸಬ್ಜೆಕ್ಟನ್ನು ಮುಟ್ಟದೆ ಬಿಡಿ. ಕಾಲಂ ಬರುವವರೆಗೆ 10ಕ್ಕಿಂತ ಕಡಿಮೆ ಸ್ಕೋರಿನ ಮೇಲ್‌ಗಳನ್ನು ಏಳೇ ದಿನಕ್ಕೆ ಅಳಿಸಬೇಡಿ, ಒಂದು ತಿಂಗಳಾದರೂ ಇಡಿ. ಮರುಮುದ್ರಣದ ಖರ್ಚನ್ನು ನಿಮ್ಮಿಂದ ಕೇಳುತ್ತಿಲ್ಲ. ಆದರೆ ನಮ್ಮ ವಾರ್ಷಿಕ ಶುಲ್ಕ 20ನೇ ತಾರೀಖಿಗೆ ಕಟ್ಟಬೇಕು. ಅಷ್ಟರೊಳಗೆ ಲಿಖಿತ ಉತ್ತರ ಬಾರದಿದ್ದರೆ ಕಟ್ಟುವುದಿಲ್ಲ.

ಉತ್ತರವನ್ನು ದಯವಿಟ್ಟು ಫೋಟೊ ತೆಗೆದು ಕಳಿಸಬೇಡಿ.

ಇಂತಿ,
ಪ್ರೆಸ್ಸಿನ ಮಾಲೀಕ, ದಾವಣಗೆರೆ