‘ಸವೆತ’ ಎಂಬ ಪದದ ಬಗ್ಗೆ ಒಂದು ತಕರಾರು

ಮಾನ್ಯ ಸಂಪಾದಕರೇ,

ನಮ್ಮ ಮಂಡ್ಯ ಸೀಮೆಯಲ್ಲಿ ಮಂಡಿನೋವಿನ ಮಾತು ಬಂದಾಗಲೆಲ್ಲ ‘ಗ್ರೀಸ್ ಮುಗಿದಿದೆ’, ‘ಮೂಳೆ ಸವೆದಿದೆ’ ಎನ್ನುವುದು ರೂಢಿ. ಪತ್ರಿಕೆಗಳ ಆರೋಗ್ಯ ಪುಟಗಳಲ್ಲೂ ಅದೇ ‘ಸವೆತ’. ಇದನ್ನು ಕೇಳಿ ಕೇಳಿ, ಕಬ್ಬಿನ ಗದ್ದೆಯಲ್ಲೇ ಬಾಳು ಸವೆಸಿದ ನೆರೆಮನೆಯ ಹಿರಿಯರೊಬ್ಬರು ಉಳಿದದ್ದಾದರೂ ಉಳಿಯಲಿ ಎಂದು ನಡೆಯುವುದನ್ನೇ ಬಿಟ್ಟು ಜಗುಲಿ ಹಿಡಿದಿದ್ದಾರೆ. ಜೀವರಸಾಯನ ವಿಜ್ಞಾನ ಕಲಿಸುತ್ತಿದ್ದ ನನಗೆ ಈ ಪದದ ಬಗ್ಗೆ ತಕರಾರಿದೆ.

ಕೀಲು ಗಾಡಿಯ ಟೈರಿನಂತೆ ಬರಿದೇ ಉಜ್ಜಿ ತೆಳುವಾಗುವ ವಸ್ತುವಲ್ಲ. ಮೂಳೆಯ ತುದಿಗೆ ಹೊದಿಕೆಯಾಗಿರುವ ಮೃದ್ವಸ್ಥಿಗೆ ಬಿಗಿ ಕೊಡುವುದು ಕೊಲಾಜೆನ್ ನಾರು, ನೀರು ಹಿಡಿದಿಟ್ಟು ಭಾರ ತಾಳುವಂತೆ ಮಾಡುವುದು ಅಗ್ರಿಕ್ಯಾನ್ ಎಂಬ ಅಣು. ಹಳೆಯ ಪೆಟ್ಟು, ಹೆಚ್ಚಿದ ತೂಕ, ವಯಸ್ಸು, ಉರಿಯೂತ ಇವುಗಳಿಂದ ಕೆರಳಿದ ಮೃದ್ವಸ್ಥಿಯ ಜೀವಕೋಶಗಳು ಪ್ರೋಟೀನ್ ಕತ್ತರಿಸುವ ಕಿಣ್ವಗಳನ್ನು ತಾವೇ ಅತಿಯಾಗಿ ಸ್ರವಿಸುತ್ತವೆ. ಅಡಾಮ್‌ಟಿಎಸ್-5ರಂಥವು ಅಗ್ರಿಕ್ಯಾನನ್ನು ತುಂಡರಿಸಿದರೆ, ಎಂಎಂಪಿ-13 ಕೊಲಾಜೆನ್ನಿಗೇ ಕೈಹಾಕುತ್ತದೆ. ಕೊಲಾಜೆನ್ ಬಲೆ ಹರಿದ ಮೇಲೆ ಅದು ಮರಳಿ ಕೂಡುವುದು ಬಹಳ ಕಷ್ಟ.

ಮೂಳೆಯಲ್ಲಿ ಈ ಕೆಲಸ ಮಾಡುವುದು ಕ್ಯಾಥೆಪ್ಸಿನ್ ಕೆ ಎಂಬ ಕಿಣ್ವ. ಮೂಳೆ ಕರಗಿಸುವ ಜೀವಕೋಶ ಮೊದಲು ಆಮ್ಲದಿಂದ ಸುಣ್ಣದ ಅಂಶವನ್ನು ಕರಗಿಸುತ್ತದೆ, ಬಳಿಕ ಈ ಕಿಣ್ವ ಕೊಲಾಜೆನ್ನನ್ನು ಕತ್ತರಿಸುತ್ತದೆ. ಬಾಡು ಬೇಗ ಬೇಯಲೆಂದು ನಮ್ಮ ಮನೆಗಳಲ್ಲಿ ಹಾಕುವ ಪರಂಗಿಕಾಯಿ ಚೂರಿನಲ್ಲಿರುವ ಪಪೈನ್ ಇದೇ ಕುಲಕ್ಕೆ ಸೇರಿದ್ದು! ಹಾಗೆಂದು ಕ್ಯಾಥೆಪ್ಸಿನ್ ಕೆಯನ್ನು ಶತ್ರುವೆನ್ನಲಾಗದು. ಹುಟ್ಟಿನಿಂದಲೇ ಇದಿಲ್ಲದವರ ಮೂಳೆ ಹಳತು ಕಳೆದು ಹೊಸದಾಗದೆ, ದಟ್ಟವಾಗಿದ್ದೂ ಸುಲಭವಾಗಿ ಮುರಿಯುತ್ತದೆ. ಇದನ್ನು ತಡೆಯುವ ಒಡನಾಕ್ಯಾಟಿಬ್ ಎಂಬ ಔಷಧಿ ಮೂಳೆ ಮುರಿತವನ್ನು ತಗ್ಗಿಸಿತಾದರೂ, ಪಾರ್ಶ್ವವಾಯುವಿನ ಅಪಾಯ ಹೆಚ್ಚಿದ್ದು ಕಂಡು 2016ರಲ್ಲಿ ತಯಾರಕರೇ ಅದನ್ನು ಕೈಬಿಟ್ಟರು.

ಇನ್ನು ಕೊಲಾಜೆನ್ ಪುಡಿಯ ಜಾಹೀರಾತುಗಳು. ತಿಂದ ಕೊಲಾಜೆನ್ನನ್ನು ಜಠರ, ಕರುಳಿನ ಕಿಣ್ವಗಳು ಮೊದಲು ತುಂಡರಿಸುತ್ತವೆಯೇ ಹೊರತು, ಅದು ಇಡಿಯಾಗಿ ಮಂಡಿಗೆ ಹೋಗಿ ಕೂರುವುದಿಲ್ಲ.

ಆದ್ದರಿಂದ ತಮ್ಮ ಆರೋಗ್ಯ ಪುಟದಲ್ಲಿ ‘ಸವೆತ’ ಎಂದು ಅಚ್ಚಾಗುವಾಗ, ಹದವಾದ ನಡಿಗೆ, ತೊಡೆಯ ಸ್ನಾಯು ಬಲಪಡಿಸುವ ವ್ಯಾಯಾಮ ಮತ್ತು ತೂಕ ಇಳಿಕೆಯನ್ನೇ ವೈದ್ಯರು ಮೊದಲ ಚಿಕಿತ್ಸೆಯಾಗಿ ಹೇಳುತ್ತಾರೆಂಬ ಒಂದು ಸಾಲನ್ನೂ ಸೇರಿಸಬೇಕೆಂದು ಕೋರುತ್ತೇನೆ. ನೆರೆಮನೆಯ ಹಿರಿಯರು ನನ್ನ ಮಾತಿಗಿಂತ ಪತ್ರಿಕೆಯಲ್ಲಿ ಬಂದದ್ದನ್ನು ನಂಬುತ್ತಾರೆ.

— ನಿವೃತ್ತ ಉಪನ್ಯಾಸಕ, ಮಂಡ್ಯ